ನಾಲ್ಕು ಗೋಡೆಯ ಗುಡುಗು

ಎವಾಲ್ಡ್ ಗಾವ್ಲಿಕ್ ಒಂದೇ ವೂಫರಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಇದನ್ನು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ಆಲೂಗಡ್ಡೆ ಸುಲಿಯುವಾಗ ಅಂದುಕೊಂಡ, ಚರ್ಚಿನಲ್ಲಿ ಮಂಡಿಯೂರಿದಾಗ ಅಂದುಕೊಂಡ, ಸುಮ್ಮನೆ ಬೂಟಿನ ದಾರ ಕಟ್ಟುವಾಗಲೂ ಅಂದುಕೊಂಡ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳಿದವರು ನಿನ್ನದೇನೂ ತಪ್ಪಿಲ್ಲ ಬಿಡು ಅನ್ನುತ್ತಾರೆ. ಆ ಮಾತು ಅವನಿಗೆ ಬೇಕಿರಲಿಲ್ಲ.

ಅವನು ಗಣಿಯ ಎಲೆಕ್ಟ್ರಿಷಿಯನ್. ಸಿಲೇಸಿಯಾ ಅನ್ನುವ ಆ ಕಲ್ಲಿದ್ದಲ ಸೀಮೆಯ ಎಲ್ಲ ಗಣಿಯವರ ಹಾಗೆ ಮೈಯಲ್ಲಿ ಇನ್ನೂ ಶಕ್ತಿಯಿರುವಾಗಲೇ ಪಿಂಚಣಿಗೆ ಬಂದವನು. ಕಲ್ಲಿದ್ದಲು ಕೊಚ್ಚುವ ಯಂತ್ರದ ಪಕ್ಕದಲ್ಲಿ ನಿಂತು ನಿಂತು ಕಿವಿಯ ಸಣ್ಣ ಸ್ವರವೆಲ್ಲ ಹೋಗಿತ್ತು. ಹಕ್ಕಿ ಕೂಗಿದ್ದು ಕೇಳುತ್ತಿರಲಿಲ್ಲ. ಹೆಂಗಸರ ಮಾತು ಅರ್ಧ ಕೇಳುತ್ತಿತ್ತು, ಮಿಕ್ಕರ್ಧವನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಆದರೆ ದಪ್ಪ ಸದ್ದಿಗೆ ಕಿವಿಯ ಹಂಗಿಲ್ಲ, ಅದು ಎದೆಯ ಮೂಲಕ ಒಳಗೆ ಬರುತ್ತದೆ. ಅಂಗಡಿಯೊಂದರಲ್ಲಿ ಮೊದಲ ಸಲ ದೊಡ್ಡ ವೂಫರಿನ, ಅಂದರೆ ದಪ್ಪ ಸದ್ದಿಗೆಂದೇ ಮಾಡಿದ ಸ್ಪೀಕರು ಪೆಟ್ಟಿಗೆಯ, ಮುಂದೆ ನಿಂತಾಗ ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. ಎಷ್ಟೋ ವರ್ಷದ ಮೇಲೆ ಒಂದು ಸದ್ದು ಅವನಿಗೆ ಪೂರ್ತಿಯಾಗಿ ಸಿಕ್ಕಿತ್ತು.

ಮನೆ ಗಣಿಯವರ ಸಾಲುಮನೆ, ಕೆಂಪು ಇಟ್ಟಿಗೆಯದು. ಒಲೆಗೆ ಗ್ಯಾಸು ಬಂದ ಮೇಲೆ ನೆಲಮಾಳಿಗೆಯ ಕಲ್ಲಿದ್ದಲ ಕೋಣೆ ಖಾಲಿ ಬಿದ್ದಿತ್ತು. ಎವಾಲ್ಡ್ ಅದನ್ನು ತೊಳೆದು, ಸುಣ್ಣ ಬಳಿದು, ನೆಲಕ್ಕೆ ಹಲಗೆ ಹಾಸಿ, ಸಿನಿಮಾ ನೋಡಲು ಒಂದು ಪರದೆ ಕಟ್ಟಿದ. ಗಣಿ ಕೆಲಸಗಾರರ ಸಭಾಭವನವನ್ನು ಕೆಡವುತ್ತಿದ್ದಾಗ ಅಲ್ಲಿಂದ ಒಂದಕ್ಕೊಂದು ಸೇರಿದ ಮೂರು ಸಿನಿಮಾ ಕುರ್ಚಿಗಳನ್ನು ಹೊತ್ತು ತಂದು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ. ಮಧ್ಯದ್ದು ತನಗೆ. ಗೋಡೆಯ ಕಡೆಯದು ಹೆಂಡತಿ ಎಲ್ಫ್ರಿಡಾಗೆ, ಮನೆಯವರ ಬಾಯಲ್ಲಿ ಫ್ರಿಡಾಗೆ. ಬಾಗಿಲ ಕಡೆಯದು ಯಾರಾದರೂ ಬಂದರೆ ಇರಲಿ ಅಂತ. ಆ ಭವನದಲ್ಲೇ, ಅಂಥದೇ ಕುರ್ಚಿಯಲ್ಲಿ, ಮದುವೆಗೆ ಮುಂಚೆ ಅವರಿಬ್ಬರೂ ಕೂತು ಸಿನಿಮಾ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಫ್ರಿಡಾ ಮತ್ತೆ ತನ್ನ ಪಕ್ಕ ಕೂತು ಒಂದು ಸಿನಿಮಾ ಪೂರ್ತಿ ನೋಡಬೇಕು. ಎವಾಲ್ಡನಿಗೆ ಬೇಕಾಗಿದ್ದು ಅಷ್ಟೇ.

ಫ್ರಿಡಾ ಕೂರುತ್ತಿರಲಿಲ್ಲ.

ಅವಳ ಅಪ್ಪ ಅದೇ ಗಣಿಯಲ್ಲಿ, ಬಂಡೆ ಸಿಡಿದು ಸತ್ತವನು. ಆಗ ಅವಳು ಶಾಲೆಯ ಹುಡುಗಿ. ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಮೊದಲು ಅಂಗಾಲಿಗೆ ಒಂದು ನಡುಕ ಬಂತು, ಆಮೇಲೆ ಬಟ್ಟಲುಗಳು ಗಲಗಲ ಅಂದವು. ಅವತ್ತಿನಿಂದ ನೆಲದ ಅದುರು ಅವಳಿಗೆ ಕಾಲಿನಿಂದಲೇ ಗೊತ್ತಾಗುತ್ತಿತ್ತು. ಈ ಊರಲ್ಲಿ ನೆಲ ಅದುರುವುದು ಹೊಸದೇನಲ್ಲ. ಅದುರಿದಾಗೆಲ್ಲ ಹೆಂಗಸರು ಮೆಟ್ಟಿಲ ಕಿಟಕಿಗೆ ಹೋಗಿ, ಗಣಿಯ ಗೋಪುರದ ಮೇಲೆ ಜನರನ್ನು ಇಳಿಸಿ ಏರಿಸುವ ಚಕ್ರ ನೋಡುತ್ತಾರೆ. ಚಕ್ರ ಎಂದಿನಂತೆ ತಿರುಗುತ್ತಿದ್ದರೆ ಒಲೆಯ ಹತ್ತಿರ ವಾಪಸು ಬರುತ್ತಾರೆ, ನಿಂತಿದ್ದರೆ ಕೋಟು ಹಾಕಿಕೊಂಡು ಗೇಟಿಗೆ ಓಡುತ್ತಾರೆ. ಮೇಲೆ ತಂದವನನ್ನು ಆಂಬುಲೆನ್ಸಿಗೆ ಹಾಕುವ ಮೊದಲು ಮನೆಯವರು ಗೇಟಿನಿಂದ ಅವನ ಹೆಸರು ಹಿಡಿದು ಕೂಗುತ್ತಾರೆ. ಸ್ಟ್ರೆಚರಿನಲ್ಲಿದ್ದವನಿಗೆ ಆ ಕೂಗು ಕೇಳಬೇಕು.

ಅಪ್ಪ ಹೋದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ತಮ್ಮ ರೈಮುಂಡನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಫ್ರಿಡಾನೇ. ಬೇಡ ಬೇಡ ಅಂದರೂ ಅವನು ಗಣಿಗೇ ಇಳಿದ. ಇಳಿದ ಮೊದಲ ದಿನ ಅವಳು ಅವನ ಅಂಗಿಯ ಗುಂಡಿ ಹಾಕುತ್ತ, "ಏನಾದ್ರೂ ಆಗಲಿ, ಯಾವ ಹೊತ್ತೇ ಆಗಲಿ, ನಾನು ಗೇಟಲ್ಲಿರ್ತೀನಿ" ಅಂದಿದ್ದಳು. ಅವನು, "ಅಕ್ಕಾ, ಬರೋವಾಗ ಊಟದ ಡಬ್ಬಿ ತಾ" ಅಂತ ನಕ್ಕಿದ್ದ. ಪಾಳಿ ಮುಗಿಸಿ ಹೋಗುವಾಗ ದಿನವೂ ಅಕ್ಕನ ಮನೆಯ ನೆಲಮಾಳಿಗೆಗೆ ಬೀದಿ ಮಟ್ಟದಲ್ಲಿದ್ದ ಕಿಂಡಿಗೆ ಬೂಟಿನ ತುದಿಯಿಂದ ಎರಡು ಸಲ ತಟ್ಟಿ ಹೋಗುತ್ತಿದ್ದ. ಬಂದೆ ಅಂತ ಅರ್ಥ. ಮದುವೆಯಾಗಿ, ಹೆಂಡತಿ ಬಿಟ್ಟುಹೋಗಿ, ತಲೆ ನರೆತರೂ ಆ ತಟ್ಟುವುದನ್ನು ಬಿಡಲಿಲ್ಲ.

ಹೀಗಿರುವಾಗ ಎವಾಲ್ಡ್ ಮೊದಲ ವೂಫರ್ ತಂದ. ಮೂಲೆಯಲ್ಲಿಟ್ಟ. ಅವನ ಕುರ್ಚಿಗೆ ಅದು ಬಹಳ ಚೆನ್ನಾಗಿ ಕೇಳುತ್ತಿತ್ತು. ಫ್ರಿಡಾ ಒಂದೇ ಸಲ ಬಂದು ಕೂತಳು. ಸಿನಿಮಾದಲ್ಲಿ ಗುಡುಗು ಬಂದ ಕೂಡಲೇ ಎದ್ದಳು.

"ಏನಾಯ್ತೇ?"

"ಇಲ್ಲಿ ಹೊಡೆಯುತ್ತೆ."

"ಎಲ್ಲಿ?"

"ಕಾಲಲ್ಲಿ, ಬೆನ್ನಲ್ಲಿ. ಗೋಡೆ ನನ್ನನ್ನ ಒದ್ದ ಹಾಗಾಯ್ತು. ನೀನು ನೋಡ್ಕೋ. ನಂಗೆ ಮೇಲೆ ಕೆಲಸ ಇದೆ."

ಮೇಲೆ ಹೋದಳು, ಆಮೇಲೆ ಬರಲಿಲ್ಲ. ಅಡುಗೆಮನೆಯಲ್ಲಿ ಇದ್ದರೂ ಅವಳಿಗೆ ಅದು ತಿಳಿಯುತ್ತಿತ್ತು. ಮೊದಮೊದಲು ಪ್ರತಿ ಸಲವೂ ಮೆಟ್ಟಿಲ ಕಿಟಕಿಗೆ ಓಡುತ್ತಿದ್ದಳು. ಆಮೇಲೆ ಕಲಿತುಕೊಂಡಳು. "ನಿಂದು ಮೂಲೆಯಿಂದ ಬರುತ್ತೆ, ಗಣೀದು ಅಡಿಯಿಂದ ಬರುತ್ತೆ. ಈಗ ನಂಗೆ ಗೊತ್ತಾಗುತ್ತೆ" ಅಂದಳು. ಎವಾಲ್ಡ್ ಅದನ್ನು ತಮಾಷೆ ಅಂದುಕೊಂಡ. ಅದು ತಮಾಷೆಯಲ್ಲ, ಅವಳು ಪ್ರಾಣ ಹಿಡಿದುಕೊಂಡಿದ್ದ ದಾರ.

ಪಕ್ಕದ ಮನೆಯ ತಿಯೋಫಿಲ್‌ಗೆ ಪಾರಿವಾಳದ ಹುಚ್ಚು. ಭಾನುವಾರ ಇಸ್ಪೀಟಿಗೆ ಬಂದವನು ಎಲೆ ಕಲಸುತ್ತ ಕೇಳಿದ, "ಏನಯ್ಯಾ ಎವಾಲ್ಡ್, ಕೆಳಗೆ ಇನ್ನೊಂದು ಗಣಿ ತೋಡ್ತಿದೀಯಾ? ನನ್ನ ಹೆಣ್ಣು ಹಕ್ಕಿಗಳೆಲ್ಲ ಮೊಟ್ಟೆ ಇಡೋದೇ ಮರೆತಿವೆ."

"ನಿನ್ನ ಮುಖ ನೋಡಿ ಮರೆತಿರ್ತಾವೆ."

"ನನ್ನ ಮುಖ ನೋಡೇ ನನ್ನ ಹೆಂಡತಿ ಐದು ಹೆತ್ತಳು, ತಿಳ್ಕೋ."

"ಅವಳು ದೀಪ ಆರಿಸಿರ್ತಾಳೆ ಬಿಡು" ಅಂದಳು ಫ್ರಿಡಾ, ಕೆಂಪು ಕೋಸು ಬಡಿಸುತ್ತ. ಎಲ್ಲರೂ ನಕ್ಕರು. ಆ ಮನೆಯಲ್ಲಿ ಆಗ ನಗು ಬೇಕಾದಷ್ಟಿತ್ತು.

ಫ್ರಿಡಾ ಎದ್ದು ಹೋದದ್ದು ಎವಾಲ್ಡನಿಗೆ ಕೊರೆಯುತ್ತಿತ್ತು. ಅಲ್ಲಿ ಇಲ್ಲಿ ಕೇಳಿ, ಓದಿ ಕೊನೆಗೆ ಕಾರಣ ತಿಳಿದುಕೊಂಡ. ದಪ್ಪ ಸದ್ದು ತೊಟ್ಟಿಯ ನೀರಿದ್ದ ಹಾಗೆ. ಗೋಡೆಗೆ ಹೊಡೆದು ಹಿಂದೆ ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿದ ಕಡೆ ಗುಡ್ಡ ಏಳುತ್ತದೆ, ಒಂದನ್ನೊಂದು ನುಂಗಿದ ಕಡೆ ಹಳ್ಳ ಬೀಳುತ್ತದೆ. ಅವನ ಕುರ್ಚಿ ಸಮನೆಲದಲ್ಲಿತ್ತು, ಅವಳದು ಗುಡ್ಡದ ಮೇಲೆ. ಒಂದು ವೂಫರ್ ಒಬ್ಬನಿಗೆ ಆಗುತ್ತದೆ. ಪಕ್ಕದಲ್ಲಿ ಕೂತವರಿಗೂ ಹದವಾಗಿ ಕೇಳಬೇಕಾದರೆ ಎದುರು ಗೋಡೆಗೆ ಇನ್ನೊಂದು ಬೇಕು. ಒಂದರ ಗುಡ್ಡವನ್ನು ಇನ್ನೊಂದು ತಗ್ಗಿಸುತ್ತದೆ.

ರೈಮುಂಡನಿಗೆ ಇದನ್ನು ವಿವರಿಸಿ ಹೇಳಿದ. ರೈಮುಂಡ್ ಪೂರ್ತಿ ಕೇಳಿ, "ಭಾವ, ಅಷ್ಟೆಲ್ಲ ಯಾಕೆ? ನಿನ್ನ ಕುರ್ಚೀನೇ ಅಕ್ಕಂಗೆ ಕೊಟ್ಬಿಡು" ಅಂದ.

"ಆಗ ನಾನೆಲ್ಲಿ ಕೂರ್ಲಿ?"

"ಅವಳ ಜಾಗದಲ್ಲಿ. ನೀನು ಒದೆಸ್ಕೋ."

ಎವಾಲ್ಡ್ ನಕ್ಕುಬಿಟ್ಟ. ರೈಮುಂಡ್ ಅದನ್ನು ಸುಮ್ಮನೆ ಮಾತಿಗೆ ಅಂದದ್ದು ಅಂದುಕೊಂಡ. ಕುರ್ಚಿ ಬಿಟ್ಟುಕೊಡುವುದಕ್ಕಿಂತ ಇನ್ನೊಂದು ಪೆಟ್ಟಿಗೆ ತರುವುದು ಅವನಿಗೆ ಸುಲಭವಾಗಿ ಕಂಡಿತು.

ಎರಡನೆಯದು ಬಂತು. ಅದನ್ನು ಎಲ್ಲಿಡಬೇಕು ಅಂತ ನೋಡುವುದಕ್ಕೆ ಒಂದು ಕ್ರಮವಿದೆ. ಪೆಟ್ಟಿಗೆಯನ್ನೇ ಕೂರುವವರ ಕುರ್ಚಿಯ ಮೇಲಿಟ್ಟು ಸದ್ದು ಹಚ್ಚಬೇಕು. ತಾನು ಕೈಕಾಲೂರಿ ಗೋಡೆಯ ಗುಂಟ ತೆವಳಬೇಕು. ಎಲ್ಲಿ ಹದವಾಗಿ ಕೇಳುತ್ತದೋ ಪೆಟ್ಟಿಗೆಗೆ ಅದೇ ಜಾಗ. ಎವಾಲ್ಡ್ ವೂಫರನ್ನು ಫ್ರಿಡಾಳ ಕುರ್ಚಿಯಲ್ಲಿ ಕೂರಿಸಿ, ಬೀಳದಿರಲಿ ಅಂತ ಅವಳ ಶಾಲನ್ನೇ ಅದಕ್ಕೆ ಬಿಗಿದು, ಕಿವಿ ನೆಲಕ್ಕೆ ಕೊಟ್ಟು ತೆವಳುತ್ತಿದ್ದ. ಫ್ರಿಡಾ ಉಪ್ಪಿನಕಾಯಿ ಸೌತೆಯ ಭರಣಿ ತೆಗೆಯಲು ಕೆಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ಏನು ಕಳ್ಕೊಂಡೆ?"

"ಏನಿಲ್ಲ, ನಿಂಗೋಸ್ಕರ ಹುಡುಕ್ತಿದೀನಿ."

"ನಂಗೋಸ್ಕರ ಮಂಡಿ ಊರಿದ್ದು ಇದೇ ಮೊದಲು. ಮದುವೆ ಕೇಳೋವಾಗಲೂ ನಿಂತೇ ಕೇಳಿದ್ದೆ." ಕುರ್ಚಿಯ ಕಡೆ ನೋಡಿದಳು. "ನನ್ನ ಶಾಲು ಹೊದ್ಕೊಂಡು ಕೂತಿದ್ದಾಳಲ್ಲ, ಯಾರವಳು? ನನಗಿಂತ ದಪ್ಪ ಇದಾಳೆ."

ಆಮೇಲೆ ಕುರ್ಚಿಯಲ್ಲಿ ರೈಮುಂಡನನ್ನು ಕೂರಿಸಿ ನೋಡಿದರು. ಅಕ್ಕನ ಎತ್ತರವೇ ಅವನದು, ಕಾಲಿನ ಸೂಕ್ಷ್ಮವೂ ಅಕ್ಕನದೇ. ಕಣ್ಣು ಮುಚ್ಚಿ ಬೂಟು ಬಿಚ್ಚಿ ಕೂರುತ್ತಿದ್ದ. "ಮೊದಲು ಯಂತ್ರದ ಮೇಲೇ ಕೂತ ಹಾಗಿತ್ತು. ಈಗ ಯಂತ್ರದ ಪಕ್ಕ ಕೂತ ಹಾಗಿದೆ" ಅಂದ. ಸದ್ದು ಅಡ್ಡಕ್ಕೆ ಸಮವಾಗಿತ್ತು, ಉದ್ದಕ್ಕೆ ಇನ್ನೂ ಏರುಪೇರಿತ್ತು. ಎದುರು ಬದುರು ಇನ್ನೆರಡು ಬೇಕಾಯಿತು. ಮೂರನೆಯದನ್ನೂ ನಾಲ್ಕನೆಯದನ್ನೂ ಎವಾಲ್ಡ್ ತಾನೇ ಕಟ್ಟಿದ, ಅತ್ತೆಯ ಹಳೆಯ ಬೀರುವಿನ ಹಲಗೆ ಕೊಯ್ದು. ಮೂಲೆಯಲ್ಲಿದ್ದ ಮೊದಲನೆಯದನ್ನೂ ಸರಿಸಿದ ಮೇಲೆ ಒಂದೊಂದು ಗೋಡೆಯ ನಟ್ಟನಡುವೆ ಒಂದೊಂದು ಕೂತಿತು.

ಇನ್ನೊಂದು ಕೆಲಸವನ್ನೂ ಮಾಡಿದ. ದಪ್ಪ ಸದ್ದಿಗೆ ಕೋಣೆಯಲ್ಲಿ ಏನಾದರೂ ಗಲಗಲ ಅಂದರೆ ಅದು ಕೆಟ್ಟ ಕೋಣೆ. ಭರಣಿಗಳನ್ನೆಲ್ಲ ಮೇಲಕ್ಕೆ ಸಾಗಿಸಿದ. ಕಿಂಡಿಯ ಗಾಜಿನ ಸುತ್ತ ರಬ್ಬರು ತುಂಬಿದ. ಬಾಗಿಲ ಸಂದಿಗೆ ದಪ್ಪ ಉಣ್ಣೆಪಟ್ಟಿ ಹೊಡೆದ. ದೀಪದ ಬುರುಡೆಗೂ ಬಟ್ಟೆ ಸುತ್ತಿದ. ಗೋಡೆಯ ಮೇಲಿದ್ದ ಸಂತ ಬಾರ್ಬರಾಳ ಪಟದ ಹಿಂದೆಯೂ ಬೆಣೆ ಕೊಟ್ಟ, ಗಣಿಯವರನ್ನು ಕಾಯುವ ಸಂತಳು ಅಲುಗಾಡಬಾರದು ಅಂತ. ಕೊನೆಗೆ ಆ ಕೋಣೆಯಲ್ಲಿ ಅದುರಿದರೂ ಸದ್ದು ಮಾಡುವ ವಸ್ತು ಒಂದೂ ಉಳಿಯಲಿಲ್ಲ.

ನಾಲ್ಕನೆಯ ಪೆಟ್ಟಿಗೆಯನ್ನು ಕೆಳಗಿಳಿಸಿದವನು ರೈಮುಂಡ್. ಇಳಿಸಿ, ಫ್ರಿಡಾಳ ಕುರ್ಚಿಯಲ್ಲಿ ಕೂತು, ಬೂಟು ಬಿಚ್ಚಿ, ಕಣ್ಣು ಮುಚ್ಚಿದ. ಎವಾಲ್ಡ್ ಗುಡುಗಿನ ಸದ್ದು ಹಚ್ಚಿದ. ರೈಮುಂಡ್ ಅಂಗಾಲನ್ನು ಹಲಗೆಗೆ ಒತ್ತಿಕೊಂಡ.

"ಏನೋ? ಒದೆಯುತ್ತಾ?"

"ಇಲ್ಲ ಭಾವ. ಒದೆಯಲ್ಲ. ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ. ಸುತ್ತಲಿಂದ ಬರುತ್ತೆ, ಎಲ್ಲಿಂದಲೂ ಬರಲ್ಲ." ಕಣ್ಣು ತೆರೆದ. "ಅಕ್ಕ ಈಗ ಕೂರ್ತಾಳೆ."

ಎವಾಲ್ಡನಿಗೆ ಅದು ಬಹುಮಾನ ಸಿಕ್ಕಿದ ಹಾಗಾಯಿತು.

ನವೆಂಬರಿನ ಒಂದು ಮಧ್ಯಾಹ್ನ. ಬಾರ್ಬರಾ ಹಬ್ಬ ಹತ್ತಿರ ಬಂದಿತ್ತು. ರೈಮುಂಡನಿಗೆ ಮಧ್ಯಾಹ್ನದ ಪಾಳಿ. ಹೋಗುವಾಗ ಅಕ್ಕನ ಮನೆಗೆ ಬಂದು, ರೊಟ್ಟಿಯ ಪೊಟ್ಟಣ ಇಸಿದುಕೊಂಡು, ಬಾಗಿಲಲ್ಲಿ ನಿಂತು ಹೇಳಿದ, "ಅಕ್ಕಾ, ಇವತ್ತು ಹೋಗಿ ಕೂತ್ಕೋ. ನಾನು ಕೂತು ನೋಡಿದೀನಿ. ಪಾಪ, ನಿಂಗೋಸ್ಕರ ನೆಲ ನೆಕ್ಕಿದ್ದಾನೆ ಮುದುಕ."

"ನೆಲ ಒರೆಸಿದ್ರೆ ಇನ್ನೂ ಚೆನ್ನಾಗಿತ್ತು" ಅಂದಳು. ಆದರೆ ಸಂಜೆ ಕೆಲಸ ಮುಗಿಸಿ, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. ಫೋನು ಅದರ ಜೇಬಲ್ಲೇ ಉಳಿಯಿತು. ಕೂದಲು ಸರಿಮಾಡಿಕೊಂಡು ಕೆಳಗೆ ಇಳಿದಳು, ಯಾರದೋ ಮನೆಗೆ ಹೋಗುವವರ ಹಾಗೆ.

ಎವಾಲ್ಡ್ ಬಾಗಿಲು ಹಾಕಿದ. ಉಣ್ಣೆಪಟ್ಟಿ ಸಂದಿಗೆ ಕಚ್ಚಿಕೊಂಡಿತು. ಫ್ರಿಡಾಗೆ ಸಮುದ್ರ ಅಂದರೆ ಇಷ್ಟ, ಅದಕ್ಕೇ ಒಂದು ಉದ್ದನೆಯ ಹಡಗಿನ ಸಿನಿಮಾ ಆರಿಸಿದ್ದ. ಮೊದಲು ಬಿರುಗಾಳಿ ಬಂತು. ಅಲೆ ಹಡಗಿಗೆ ಅಪ್ಪಳಿಸಿತು. ಎವಾಲ್ಡ್ ಪರದೆ ನೋಡಲಿಲ್ಲ, ಅವಳ ಪಾದ ನೋಡುತ್ತಿದ್ದ. ಪಾದ ಅಲುಗಲಿಲ್ಲ.

"ಹೊಡೀತಾ?"

"ಇಲ್ಲ. ಸುಮ್ನಿರು, ನೋಡ್ತಿದೀನಿ."

ಎಷ್ಟೋ ವರ್ಷದಲ್ಲಿ ಅಷ್ಟು ಹಿತವಾದ ಬೈಗುಳ ಅವನು ಕೇಳಿರಲಿಲ್ಲ. ಬಿರುಗಾಳಿ ಮುಗಿಯಿತು. ಸಮುದ್ರ ಶಾಂತವಾಯಿತು. ಹಡಗಿನಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಮೇಜಿನ ಮುಂದೆ ಕೂತು ಸೂಪು ಕುಡಿಯುತ್ತ ಮೆಲ್ಲಗೆ ಮಾತಾಡುತ್ತಿದ್ದರು. ಆಗ ಬಂತು ಆ ಸದ್ದು. ಬಹಳ ಆಳದಿಂದ, ದಪ್ಪಗೆ, ನಿಧಾನಕ್ಕೆ, ಸುತ್ತಲಿಂದ. ಕುರ್ಚಿ ನಡುಗಿತು, ಎದೆ ನಡುಗಿತು. ಗಾಜು ಮಾತಾಡಲಿಲ್ಲ, ಬಾಗಿಲು ಮಾತಾಡಲಿಲ್ಲ, ಬಾರ್ಬರಾಳ ಪಟ ಅಲುಗಲಿಲ್ಲ.

ಫ್ರಿಡಾ ಎದ್ದು ನಿಂತಿದ್ದಳು.

"ಎವಾಲ್ಡ್. ಅದು ಅಡಿಯಿಂದ ಬಂತು."

"ಕೂತ್ಕೋ ಫ್ರಿಡಾ. ಅದು ನಂದೇ. ಹಡಗಿನ ಎಂಜಿನ್ನು."

"ಅಲ್ಲ, ಅಡಿಯಿಂದ..."

"ಎಂಜಿನ್ನು ಅಡಿಯಲ್ಲೇ ತಾನೇ ಇರೋದು? ಈಗ ನಾಲ್ಕಿವೆ ಕಣೇ, ಹಾಗೇ ಕೇಳಿಸೋದು. ರೈಮುಂಡನೂ ಹಾಗೇ ಅಂದ. ಕೂತ್ಕೋ."

ಅವನ ಮುಖ ನೋಡಿದಳು. ಮುಖದ ತುಂಬ ಸಂತೋಷವಿತ್ತು. ಅವಳ ಮೈ ನಿಧಾನವಾಗಿ ಸಡಿಲಾಯಿತು. ಕೂತಳು. ತನ್ನ ಹೆದರಿಕೆಗೆ ತಾನೇ ನಕ್ಕು, ಅವನ ತೋಳಿಗೆ ಒಂದು ಗುದ್ದಿದಳು. "ಪ್ರಾಣ ಹೋಗಿತ್ತು ನಂದು, ಮುದುಕಾ" ಅಂದಳು. ಆ ಕೈಯನ್ನು ಅವನ ತೋಳಿನ ಮೇಲೇ ಬಿಟ್ಟಳು. ಸಿನಿಮಾ ಮುಗಿಯುವವರೆಗೆ ಅದು ಅಲ್ಲೇ ಇತ್ತು.

ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಚೆನ್ನಾಗಿತ್ತು. ಕಡುಬಿಗೆ ನೀರಿಡ್ತೀನಿ, ಬಾ" ಅಂತ ಮೇಲೆ ಹೋದಳು.

ಎವಾಲ್ಡ್ ಒಬ್ಬನೇ ಉಳಿದ. ಆ ಎಂಜಿನ್ನಿನ ಸದ್ದನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಅಷ್ಟು ಆಳದ ಸದ್ದು ತನ್ನ ಪೆಟ್ಟಿಗೆಗಳಿಂದ ಬಂದೀತು ಅಂತ ಅವನು ಎಣಿಸಿಯೇ ಇರಲಿಲ್ಲ. ಸಿನಿಮಾವನ್ನು ಹಿಂದಕ್ಕೆ ಓಡಿಸಿದ. ಗಂಡಸು ಹೆಂಗಸು ಮೇಜಿನ ಮುಂದೆ ಕೂತರು, ಸೂಪು ಕುಡಿದರು, ಎದ್ದು ಹೋದರು. ಸದ್ದು ಬರಲಿಲ್ಲ. ಇನ್ನೂ ಹಿಂದಕ್ಕೆ ಓಡಿಸಿದ. ವಾಲ್ಯೂಮು ಏರಿಸಿದ. ಚಮಚ ಬಟ್ಟಲಿಗೆ ತಾಗಿದ್ದು ಅವನ ಕಿವಿಗೂ ಕೇಳಿತು. ಸದ್ದು ಬರಲಿಲ್ಲ. ಎದ್ದು ಹೋಗಿ, ತಾನೇ ಕಟ್ಟಿದ ನಾಲ್ಕನೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಮತ್ತೆ ಹಚ್ಚಿದ. ಪೆಟ್ಟಿಗೆ ಕಲ್ಲಿನ ಹಾಗೆ ಸುಮ್ಮನಿತ್ತು.

ಅಷ್ಟು ಹೊತ್ತಿಗೆ ಮೇಲೆ ಏನೋ ಬಿದ್ದದ್ದು ಅವನ ಕಾಲಿಗೆ ಗೊತ್ತಾಯಿತು. ನೀರು ತುಂಬಿದ ಪಾತ್ರೆ.

ಅವನು ಮೆಟ್ಟಿಲು ಹತ್ತಿ ಬಂದಾಗ ಫ್ರಿಡಾ ನೀರಿನಲ್ಲಿ ನಿಂತಿದ್ದಳು, ಕೈಯಲ್ಲಿ ಫೋನು. ಎಷ್ಟೊಂದು ಜನ ಎಷ್ಟೊಂದು ಸಲ ಕರೆದಿದ್ದರು.

"ಅದು ಎಂಜಿನ್ನಲ್ಲ" ಅಂದ ಎವಾಲ್ಡ್. ಹೇಳಬೇಕಾದ ಅಗತ್ಯವಿರಲಿಲ್ಲ. ಅವಳು ಕೋಟು ಹಾಕಿಕೊಳ್ಳದೆ ಆಗಲೇ ಬಾಗಿಲು ದಾಟಿದ್ದಳು.

ಗೇಟಿನಲ್ಲಿ ಜನ ಚದುರುತ್ತಿದ್ದರು. ಗೋಪುರದ ಚಕ್ರ ನಿಂತಿತ್ತು. ತಿಯೋಫಿಲ್ ಒಬ್ಬನೇ ಬೇಲಿ ಹಿಡಿದು ನಿಂತಿದ್ದ. ಅವರನ್ನು ಕಂಡು ಟೋಪಿ ತೆಗೆದ. ಆ ಟೋಪಿ ತೆಗೆದದ್ದರಲ್ಲೇ ಅವರಿಗೆ ತಿಳಿಯಿತು.

"ಬಾಗಿಲು ಬಡಿದೆ" ಅಂದ. "ಕಿಂಡಿಗೂ ಒದ್ದೆ. ನೀವು ಆಗಲೇ ಬಂದಿರ್ತೀರಿ ಅಂದ್ಕೊಂಡೆ."

ಕಿಂಡಿಯ ಗಾಜಿನ ಸುತ್ತ ರಬ್ಬರಿತ್ತು.

"ಎಚ್ಚರ ಇತ್ತಾ ಅವನಿಗೆ?" ಅಂತ ಕೇಳಿದಳು ಫ್ರಿಡಾ.

ತಿಯೋಫಿಲ್ ಸುಳ್ಳು ಹೇಳಬಹುದಿತ್ತು. ಅವನಿಗೆ ಇಸ್ಪೀಟಿನಲ್ಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇತ್ತು. ಅಕ್ಕ ಬಂದ್ಲಾ ಅಂದ. ಬರ್ತಿದಾಳೆ ಕಣಪ್ಪಾ ಅಂದೆ. ಹೂಂ ಅಂದ. ನಾನೇ ಅವನ ಹೆಸರು ಕೂಗಿದೆ ಫ್ರಿಡಾ. ಜೋರಾಗೇ ಕೂಗಿದೆ."

ಆಸ್ಪತ್ರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ರೈಮುಂಡ್ ಹೋಗಿದ್ದ, ಆ ಸುದ್ದಿ ಗೇಟಿಗೂ ಬಂದಿತ್ತು. ಬೇಗ ಬಂದಿದ್ದರೂ ಅವನು ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಬೇಗ ಬಂದಿದ್ದರೆ ಅಕ್ಕನ ಧ್ವನಿ ಕೇಳಿ ಹೋಗುತ್ತಿದ್ದ. ಅದನ್ನು ಯಾರೂ ಹೇಳಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಗಣಿಯವರು ಹಬ್ಬಕ್ಕೆ ಹಾಕುವ ಕಪ್ಪು ಸಮವಸ್ತ್ರ ತೊಡಿಸಿ, ಗರಿಯ ಟೋಪಿಯನ್ನು ಎದೆಯ ಮೇಲಿಟ್ಟು ಅವನನ್ನು ಮಣ್ಣು ಮಾಡಿದರು. ಬಾರ್ಬರಾ ಹಬ್ಬದ ಬೆಳಗ್ಗೆ ಗಣಿಯ ಬ್ಯಾಂಡಿನವರು ಎಂದಿನಂತೆ ಬೀದಿ ಬೀದಿ ಬಾರಿಸುತ್ತ ಬಂದರು. ಗಾವ್ಲಿಕ್‌ರ ಮನೆಯ ಹತ್ತಿರ ಬಂದಾಗ ದೊಡ್ಡ ಡೋಲಿನವನು ಕೋಲು ಇಳಿಸಿ ಸುಮ್ಮನೆ ನಡೆದ. ಫ್ರಿಡಾ ಕಿಟಕಿ ತೆಗೆದಳು.

"ಡೋಲು ಯಾಕೆ ನಿಲ್ಲಿಸಿದ್ರಿ? ಬಾರಿಸ್ರಪ್ಪಾ. ಅವನಿಗೆ ಡೋಲು ಅಂದ್ರೆ ಪ್ರಾಣ."

ಡೋಲಿನವನು ಬಾರಿಸಿದ. ಎವಾಲ್ಡ್ ಹಿಂದಿನ ಕೋಣೆಗೆ ಹೋಗಿ ನಿಂತ. ಆ ಸದ್ದು ಎದೆಗೆ ಬಡಿಯುವುದನ್ನು ಅವನಿಂದ ತಡೆಯಲಾಗಲಿಲ್ಲ.

ಪೆಟ್ಟಿಗೆಗಳನ್ನು ಅವನು ಒಂದೊಂದಾಗಿ ಹೊರಗೆ ಹಾಕಿದ. ಗಾಜಿನ ಸುತ್ತಲ ರಬ್ಬರು ಕಿತ್ತ. ಬಾಗಿಲ ಉಣ್ಣೆಪಟ್ಟಿ ಕಿತ್ತ. ಪಟದ ಹಿಂದಿನ ಬೆಣೆ ತೆಗೆದ. ಭರಣಿಗಳನ್ನು ಅವುಗಳ ಜಾಗಕ್ಕೇ ತಂದಿಟ್ಟ, ಒಂದಕ್ಕೊಂದು ತಾಗುವ ಹಾಗೆ, ಸ್ವಲ್ಪ ಅದುರಿದರೂ ಗಲಗಲ ಅನ್ನುವ ಹಾಗೆ. ಕುರ್ಚಿಗಳು ಮಾತ್ರ ಉಳಿದವು. ಅವುಗಳ ಬೋಲ್ಟು ತುಕ್ಕು ಹಿಡಿದಿತ್ತು.

ಅವಳು ಬೈಯಲಿ ಅಂತ ಎವಾಲ್ಡ್ ಕಾದ. ಅವಳು ಬೈಯಲಿಲ್ಲ. ಒಂದು ದಿನ ಬಟ್ಟೆ ಮಡಚುತ್ತ, ತಾನಾಗಿ ಅಂದಳು, "ನೀನು ಕೂತ್ಕೋ ಅಂದೆ, ನಾನು ಕೂತೆ. ನನ್ನ ಕಾಲು ಹೇಳಿತ್ತು. ಕಾಲಿನ ಮಾತು ಬಿಟ್ಟು ನಿನ್ನ ಮಾತು ಕೇಳಿದೆ."

"ಫ್ರಿಡಾ..."

"ಸಿನಿಮಾ ಚೆನ್ನಾಗಿತ್ತು ಎವಾಲ್ಡ್. ಅದೇ ನಂಗೆ ತಡೆಯೋಕಾಗಲ್ಲ. ಅವನು ಅಲ್ಲಿ ಬಿದ್ದಿದ್ದಾಗ ನಂಗಿಲ್ಲಿ ಚೆನ್ನಾಗಿತ್ತು."

ಮಡಚಿದ ಅಂಗಿಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಆ ವಿಷಯವನ್ನು ಅವರು ಮತ್ತೆ ಆಡಲಿಲ್ಲ. ಪಾಳಿ ಬಿಡುವ ಹೊತ್ತಿಗೆ ಮಾತ್ರ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು, ಬೀದಿಯಲ್ಲಿ ಬೂಟುಗಳ ಸದ್ದು ಕಿಂಡಿಯ ಮುಂದೆ ಹಾದು ಹೋಗುವವರೆಗೆ.

ಪೆಟ್ಟಿಗೆಗಳನ್ನು ತಿಯೋಫಿಲ್ ಕೊಂಡುಹೋಗಿದ್ದ. ಒಳಗಿನ ಸ್ಪೀಕರು ಬಿಚ್ಚಿ ಹುಲ್ಲು ಹಾಕಿ ಗೂಡಿನ ಮಾಡಿನಲ್ಲಿಟ್ಟ. ಆ ದುಂಡನೆಯ ತೂತು ಹಕ್ಕಿಗಳಿಗೆ ಹಿಡಿಸಿತು. "ನಿನ್ನ ನಾಲ್ಕನೇದರಲ್ಲಿ ಮೊಟ್ಟೆ ಇಟ್ಟಿದೆ ಕಣೋ" ಅಂತ ಬೇಲಿಯಾಚೆಯಿಂದ ಕೂಗಿ ಹೇಳಿದ. ಎವಾಲ್ಡ್ ಹೂಂ ಅಂದ. ಒಂದೇ ಪೆಟ್ಟಿಗೆಗೆ ನಿಲ್ಲಿಸಿದ್ದರೆ ಅಂತ ಆಗಲೂ ಅಂದುಕೊಂಡ. ಒಂದೇ ಇದ್ದಿದ್ದರೆ ಅದು ಒದೆಯುತ್ತಿತ್ತು, ಅವಳು ಕೆಳಗೆ ಬರುತ್ತಲೇ ಇರಲಿಲ್ಲ, ಮೂಲೆಯದು ಯಾವುದು ಅಡಿಯದು ಯಾವುದು ಅಂತ ಅವಳಿಗೆ ಗೊತ್ತಿರುತ್ತಿತ್ತು. ಇಲ್ಲವೇ ರೈಮುಂಡ್ ಹೇಳಿದ ಹಾಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಿದ್ದರೂ ಆಗುತ್ತಿತ್ತು. ಅಲ್ಲಿಗೆ ಬಂದು ಅವನ ಯೋಚನೆ ನಿಂತುಹೋಗುತ್ತಿತ್ತು.

ವರ್ಷಗಳು ಕಳೆದವು. ಗಣಿ ಮುಚ್ಚಿತು. ಚಕ್ರವನ್ನು ಕೆಡವದೆ ನೆನಪಿಗೆ ಅಂತ ಹಾಗೇ ಉಳಿಸಿದರು. ಕೆಳಗೆ ಯಾರೂ ಇಲ್ಲದಿದ್ದರೂ ಟೊಳ್ಳು ನೆಲ ಕುಸಿಯುತ್ತ ಆಗಾಗ ಅದುರುತ್ತಲೇ ಇತ್ತು.

ಅಂಥ ಒಂದು ಸಂಜೆ ಎವಾಲ್ಡ್ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದ. ಮೊದಲು ಅಂಗಾಲಿಗೆ ಬಂತು. ಆಮೇಲೆ ಭರಣಿಗಳು ಗಲಗಲ ಅಂದವು, ಗಾಜು ಅಂದಿತು, ಬಾರ್ಬರಾಳ ಪಟ ಗೋಡೆಗೆ ತಟತಟ ಬಡಿಯಿತು. ಅವನು ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದ.

ಫ್ರಿಡಾ ಆಗಲೇ ಕಿಟಕಿಯಲ್ಲಿದ್ದಳು. ತಿರುಗಿ ನೋಡದೆ ಕೇಳಿದಳು:

"ಅದು ನಿಂದಲ್ಲ ತಾನೆ?"

"ಅಲ್ಲ, ನಂದಲ್ಲ" ಅಂದ ಎವಾಲ್ಡ್.

ಅವಳು ಸ್ವಲ್ಪ ಸರಿದು ಅವನಿಗೆ ಜಾಗ ಕೊಟ್ಟಳು. ಇಬ್ಬರೂ ನಿಂತು ಆ ನಿಂತುಹೋದ ಚಕ್ರವನ್ನೇ ನೋಡುತ್ತಿದ್ದರು, ಕೆಳಗೆ ಭರಣಿಗಳೆಲ್ಲ ಸುಮ್ಮನಾಗುವವರೆಗೆ.